ನಾನು ಮಾಡಿದ್ದು ರಿಸರ್ಚಾ, ಬರೀ ಕಂಪನಿ ಕೆಲಸವಾ?

ಪ್ರಶ್ನೆ: ಒಂದು ಮಧ್ಯಮ ಗಾತ್ರದ ತಯಾರಿಕಾ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಡಿಜಿಟಲ್ ಸಾಧನಗಳ ಮೂಲಕ ಸಂಸ್ಥೆಯನ್ನು ಹಸಿರು ದಾರಿಗೆ ತರುವುದು. ಯಂತ್ರಗಳಿಗೆ ವಿದ್ಯುತ್ ಮೀಟರ್ ಹಾಕಿಸಿ, ಅಂಕಿಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಒಂದು ಡ್ಯಾಶ್‌ಬೋರ್ಡ್ ಮಾಡಿಸಿದೆ. ಮೊದಲ ಆವೃತ್ತಿ ಇಡೀ ಕಾರ್ಖಾನೆಯ ತಿಂಗಳ ಕಾರ್ಬನ್ ಲೆಕ್ಕ ತೋರಿಸುತ್ತಿತ್ತು. ಅದನ್ನು ಯಾರೂ ತೆರೆದು ನೋಡಲಿಲ್ಲ. ಆಮೇಲೆ ಶಿಫ್ಟ್ ಸೂಪರ್‌ವೈಸರ್‌ಗಳ ಜೊತೆ ಕೂತು ಬದಲಾಯಿಸಿದೆವು. ಈಗ ಶಿಫ್ಟ್ ಮುಗಿಯುವ ಹೊತ್ತಿಗೆ, ಅವರವರ ವಿಭಾಗದಲ್ಲಿ ಕೆಲಸವಿಲ್ಲದೆ ಓಡುತ್ತಿರುವ ಯಂತ್ರಗಳು ಮಾತ್ರ ಕಾಣುತ್ತವೆ. ಆಫ್ ಮಾಡಬೇಕು, ಇಲ್ಲವೇ ಯಾಕೆ ಮಾಡಲಿಲ್ಲ ಅಂತ ಒಂದು ಸಾಲು ಬರೆಯಬೇಕು. ಒಂದು ಪೀಸ್‌ಗೆ ತಗಲುವ ವಿದ್ಯುತ್ ಇಳಿದಿದೆ, ಮ್ಯಾನೇಜ್‌ಮೆಂಟ್ ಖುಷಿಯಾಗಿದೆ. ಆದರೆ ನನ್ನ ಗೈಡ್ ‘ಇದು ಕನ್ಸಲ್ಟೆನ್ಸಿ, ರಿಸರ್ಚ್ ಅಲ್ಲ’ ಅನ್ನುತ್ತಾರೆ. ಇದು ಡಿಸೈನ್ ಸೈನ್ಸ್ (ಏನನ್ನಾದರೂ ಕಟ್ಟಿ, ಬಳಸಿ ನೋಡಿ ಕಲಿಯುವ ಸಂಶೋಧನೆ) ಅಂತ ನಾನು ಹೇಳಿದರೆ ‘ಆರು ಹೆಜ್ಜೆ ಎಲ್ಲಿ? ಕಂಟ್ರೋಲ್ ಗ್ರೂಪ್ (ಹೋಲಿಕೆಗಾಗಿ ಬದಲಾವಣೆ ಮಾಡದೆ ಬಿಟ್ಟ ಗುಂಪು) ಎಲ್ಲಿ? ಒಂದೇ ಕಂಪನಿ ನೋಡಿ ಏನು ಹೇಳ್ತೀರಿ?’ ಅಂತ ಕೇಳುತ್ತಾರೆ. ಮುಂದಿನ ವರ್ಷ ಇನ್ನೆರಡು ಘಟಕಗಳಿಗೆ ಇದನ್ನು ಹಾಕುವ ಯೋಜನೆ ಇದೆ. ನಾನೇ ಮಾಡಿ ನಾನೇ ಅಳೆಯುವುದು ಸರಿಯಾ? ಸೋತ ಮೊದಲ ಆವೃತ್ತಿಯನ್ನು ಥೀಸಿಸ್‌ನಲ್ಲಿ ಹೇಳಬೇಕಾ, ಬಿಟ್ಟುಬಿಡಬೇಕಾ?

ಉತ್ತರ: ನಿಮ್ಮ ಗೈಡ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅಂತ ಮೊದಲು ಬಿಡಿಸಿಕೊಳ್ಳೋಣ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಗಂಟು ಬಿದ್ದಿವೆ: ಮಾಡಿದ್ದು ರಿಸರ್ಚ್ ಹೌದಾ, ಇಳಿದ ಅಂಕಿ ನಿಜವಾ, ಅದನ್ನು ಅಳೆಯಲು ನಾನು ಸರಿಯಾದವನಾ. ನೀವು ಮೊದಲನೆಯದಕ್ಕೆ ಜಾಸ್ತಿ ಹೆದರಿದ್ದೀರಿ. ನಿಜಕ್ಕೂ ಹೆದರಬೇಕಾದ್ದು ಎರಡನೆಯದಕ್ಕೆ.

ಕಟ್ಟುತ್ತಾ ಕಲಿಯುವುದು ವಿಜ್ಞಾನದಲ್ಲಿ ಹೊಸದೇನಲ್ಲ. ಹರ್ಬರ್ಟ್ ಸೈಮನ್ 1969ರಲ್ಲೇ ಇದಕ್ಕೆ ತಳಪಾಯ ಹಾಕಿದರು. ಇರುವುದು ಹೇಗಿದೆ ಅಂತ ಕೇಳುವುದು ಒಂದು ಬಗೆಯ ವಿಜ್ಞಾನ. ಮನುಷ್ಯರು ಮಾಡುವ ವಸ್ತುಗಳು, ವ್ಯವಸ್ಥೆಗಳು ಹೇಗಿರಬೇಕು ಅಂತ ಕೇಳುವುದೂ ವಿಜ್ಞಾನವೇ ಅನ್ನುವುದು ಅವರ ವಾದ. 1995ರಲ್ಲಿ ಸಂಶೋಧಕರಾದ ಮಾರ್ಚ್ ಮತ್ತು ಸ್ಮಿತ್, ಇಂಥ ಸಂಶೋಧನೆಯಿಂದ ಹೊರಬರುವುದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಪರಿಕಲ್ಪನೆ, ಮಾದರಿ, ವಿಧಾನ, ಮತ್ತು ಇವನ್ನು ಬಳಸಿ ನಿಜವಾಗಿ ಓಡುವ ವ್ಯವಸ್ಥೆ. ನಿಮ್ಮ ಡ್ಯಾಶ್‌ಬೋರ್ಡ್ ನಾಲ್ಕನೆಯದು. ಅದೊಂದೇ ನಿಮ್ಮ ಕೈಯಲ್ಲಿದ್ದರೆ ಗೈಡ್ ಹೇಳಿದ್ದೇ ಸರಿ. ಮೀಟರ್ ಹಾಕಿ ಗ್ರಾಫ್ ತೋರಿಸುವುದು ಗೊತ್ತಿರುವ ಸಮಸ್ಯೆಗೆ ಗೊತ್ತಿರುವ ಉತ್ತರ. ಇಂಥದ್ದನ್ನು ಗ್ರೆಗರ್ ಮತ್ತು ಹೆವ್ನರ್ 2013ರಲ್ಲಿ ‘ವಾಡಿಕೆಯ ವಿನ್ಯಾಸ’ ಅಂತ ಪಕ್ಕಕ್ಕಿಟ್ಟರು. ಕಂಪನಿಗೆ ಅದರಿಂದ ಲಾಭ ಇರಬಹುದು, ಆದರೆ ಸಾಮಾನ್ಯವಾಗಿ ಅದರಿಂದ ಹೊಸ ತಿಳಿವಳಿಕೆ ಹುಟ್ಟುವುದಿಲ್ಲ.

ಆದರೆ ನೀವು ಮಾಡಿದ್ದು ಅದೊಂದೇ ಅಲ್ಲ, ಅಲ್ವಾ? ಎರಡನೇ ಆವೃತ್ತಿಯಲ್ಲಿ ಬದಲಾಗಿದ್ದು ಏನು ಅಂತ ನೋಡಿ. ಸಾಫ್ಟ್‌ವೇರ್ ಹೆಚ್ಚುಕಡಿಮೆ ಅದೇ, ಮೀಟರ್‌ಗಳೂ ಅವೇ. ಯಾವ ಅಂಕಿ, ಯಾರಿಗೆ, ಯಾವ ಹೊತ್ತಿಗೆ ಕಾಣಬೇಕು ಅನ್ನುವುದು ಬದಲಾಯಿತು. ಕಂಡ ಮೇಲೆ ಅವರು ಏನು ಮಾಡಬೇಕು, ಮಾಡದಿದ್ದರೆ ಏನು ಬರೆಯಬೇಕು ಅನ್ನುವ ಕಟ್ಟಳೆ ಹೊಸದಾಗಿ ಬಂತು. ನಿಮ್ಮ ನಿಜವಾದ ವಿನ್ಯಾಸ ಆ ಏರ್ಪಾಡು. ಪರದೆ ಅದರ ಒಂದು ಭಾಗ ಅಷ್ಟೆ.

ಹಸಿರು-ಡಿಜಿಟಲ್ ಬದಲಾವಣೆಯ ಯೋಜನೆಗಳನ್ನು ನೋಡುವಾಗ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ‘ಜನರಿಗೆ ಮಾಹಿತಿ ಇಲ್ಲ, ಕೊಟ್ಟರೆ ಸರಿಹೋಗುತ್ತಾರೆ’ ಅಂತ ಶುರು ಮಾಡುತ್ತಾರೆ. ಮಾಹಿತಿ ಕೊರತೆ ಇರುತ್ತದೆ, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಕೊರತೆ ಅಧಿಕಾರದ್ದು. ಯಂತ್ರಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರ್ ಉದಾಹರಣೆ ತೆಗೆದುಕೊಳ್ಳಿ. ಗಾಳಿ ಬೇಡದಿದ್ದಾಗಲೂ ಆನ್ ಇರುವ ಕಂಪ್ರೆಸರ್ ವಿದ್ಯುತ್ ಎಳೆಯುತ್ತಲೇ ಇರುತ್ತದೆ. ಪೈಪಿನಲ್ಲಿ ಲೀಕ್ ಇದ್ದರಂತೂ ಆ ಸೋರಿಕೆ ತುಂಬಿಸುವುದಕ್ಕೇ ಓಡುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಶಿಫ್ಟ್ ಮುಗಿದಾಗ ಆಫ್ ಮಾಡುವವರು ಯಾರು? ಪ್ರೊಡಕ್ಷನ್‌ನವರು ‘ಅದು ಮೇಂಟೆನೆನ್ಸ್ ಕೆಲಸ’ ಅನ್ನುತ್ತಾರೆ. ಮೇಂಟೆನೆನ್ಸ್‌ನವರು ‘ಬೆಳಗ್ಗೆ ಪ್ರೆಶರ್ ಬರದಿದ್ದರೆ ಬೈಸಿಕೊಳ್ಳೋದು ನಾವು’ ಅಂತ ಹಾಗೇ ಬಿಡುತ್ತಾರೆ. ಇಲ್ಲಿ ತಿಂಗಳ ಕಾರ್ಬನ್ ಲೆಕ್ಕ ತೋರಿಸಿ ಏನು ಪ್ರಯೋಜನ? ಆ ಅಂಕಿ ಯಾರ ಕೈಗೂ ಸೇರಿದ್ದಲ್ಲ. ನಿಮ್ಮ ಎರಡನೇ ಆವೃತ್ತಿ ಅದನ್ನು ಒಬ್ಬರ ಕೈಗೆ ಸೇರಿಸಿತು. ಅದು ಕೆಲಸ ಮಾಡಿದ್ದು ಇದರಿಂದಲಾ, ಬೇರೆ ಯಾವುದರಿಂದಲಾ? ನಿಮ್ಮ ಸಂಶೋಧನಾ ಪ್ರಶ್ನೆ ಇದು. ಕನ್ಸಲ್ಟೆಂಟ್ ಈ ಪ್ರಶ್ನೆ ಕೇಳಲೇಬೇಕಿಲ್ಲ, ಬಿಲ್ ಕಡಿಮೆಯಾದರೆ ಅವರ ಕೆಲಸ ಮುಗಿಯಿತು. ನೀವು ಕೇಳಲೇಬೇಕು.

ಇನ್ನು ಗೈಡ್ ಎತ್ತಿದ ಆಕ್ಷೇಪಗಳು. ಆರು ಹೆಜ್ಜೆ ಅನ್ನುವುದು ಪೆಫರ್ಸ್ ಮತ್ತು ಸಂಗಡಿಗರು 2007ರಲ್ಲಿ ಕೊಟ್ಟ ಪ್ರಕ್ರಿಯೆ: ಸಮಸ್ಯೆ ಗುರುತಿಸುವುದು, ಪರಿಹಾರದಿಂದ ಏನು ಬೇಕು ಅಂತ ಗೊತ್ತುಮಾಡುವುದು, ವಿನ್ಯಾಸ ಮಾಡಿ ಕಟ್ಟುವುದು, ಒಂದು ಕಡೆ ಬಳಸಿ ತೋರಿಸುವುದು, ಮೌಲ್ಯಮಾಪನ, ಕೊನೆಗೆ ಹಂಚಿಕೊಳ್ಳುವುದು. ಇವನ್ನು ಒಂದರಿಂದ ಆರರವರೆಗೆ ಸಾಲಾಗಿಯೇ ಮಾಡಬೇಕು ಅಂತ ಅವರು ಹೇಳಿಲ್ಲ. ನಾಲ್ಕು ಪ್ರವೇಶ ದ್ವಾರಗಳನ್ನು ಅವರೇ ತೋರಿಸಿದ್ದಾರೆ. ಆಗಲೇ ಕೆಲಸ ಮಾಡುತ್ತಿರುವ ಪರಿಹಾರ ಒಂದನ್ನು ಹಿಡಿದು, ಹಿಂದಕ್ಕೆ ಹೋಗಿ ಅದಕ್ಕೆ ಶಿಸ್ತು ತರುವುದೂ ಅದರಲ್ಲಿ ಒಂದು. ನಿಮ್ಮದು ಆ ಬಾಗಿಲು. 2004ರಲ್ಲಿ ಹೆವ್ನರ್, ಮಾರ್ಚ್, ಪಾರ್ಕ್ ಮತ್ತು ರಾಮ್ ಏಳು ಮಾರ್ಗಸೂಚಿ ಕೊಟ್ಟರು. ಅವನ್ನೂ ಕಣ್ಣುಮುಚ್ಚಿ ಪಾಲಿಸಬೇಡಿ ಅಂತ ಅದೇ ಪೇಪರ್‌ನಲ್ಲಿ ಎಚ್ಚರಿಸಿದ್ದಾರೆ. ಆ ಎಚ್ಚರಿಕೆಯನ್ನು ಮಾತ್ರ ಯಾರೂ ಉಲ್ಲೇಖಿಸುವುದಿಲ್ಲ!

ಒಂದೇ ಕಂಪನಿ ಅನ್ನುವ ಆಕ್ಷೇಪ ಸರ್ವೆ ಮಾಡುವವರ ಲೋಕದ್ದು. ನೀವು ‘ಇಷ್ಟು ಶೇಕಡಾ ಕಂಪನಿಗಳಲ್ಲಿ ಹೀಗಾಗುತ್ತದೆ’ ಅಂತ ಹೇಳಹೊರಟಿಲ್ಲ. ‘ಇಂಥ ಸನ್ನಿವೇಶದಲ್ಲಿ, ಇಂಥ ಏರ್ಪಾಡು, ಈ ಕಾರಣದಿಂದ, ಈ ಫಲ ಕೊಡುತ್ತದೆ’ ಅಂತ ಹೇಳುತ್ತೀರಿ. ಇದಕ್ಕೆ ವಿನ್ಯಾಸ ಸೂತ್ರ ಅಂತ ಹೆಸರು. ಅದನ್ನು ಬೇರೆಯವರು ಬೇರೆ ಕಡೆ ಪರೀಕ್ಷಿಸಬಹುದು. ಆದರೆ ಸೂತ್ರ ಗಟ್ಟಿಯಾಗಿರಬೇಕು. ‘ಡ್ಯಾಶ್‌ಬೋರ್ಡ್ ಬಳಸಲು ಸುಲಭವಾಗಿರಬೇಕು’ ಅಂತ ಬರೆದರೆ ಅದು ಸುಳ್ಳಾಗುವ ಸಾಧ್ಯತೆಯೇ ಇಲ್ಲ, ಹಾಗಾಗಿ ಅದರಲ್ಲಿ ಹುರುಳೂ ಇಲ್ಲ. ಇದನ್ನು ನೋಡಿ: ‘ಯಂತ್ರ ನಿಲ್ಲಿಸುವ ಹೊಣೆ ಎರಡು ವಿಭಾಗಗಳ ನಡುವೆ ಹಂಚಿಹೋಗಿರುವ ಕಡೆ, ಶಿಫ್ಟ್ ಮುಗಿಯುವ ಮೊದಲು, ಸೂಪರ್‌ವೈಸರ್ ತಾವೇ ನಿಲ್ಲಿಸಬಹುದಾದ ಯಂತ್ರಗಳನ್ನು ಮಾತ್ರ ತೋರಿಸಿ; ನಿಲ್ಲಿಸದಿದ್ದರೆ ಕಾರಣ ಬರೆಸಿ. ಆಗ ಹೊಣೆ ಯಾರದು ಅನ್ನುವುದು ಆ ಗಳಿಗೆಯಲ್ಲೇ ತೀರ್ಮಾನವಾಗುವುದರಿಂದ ಖಾಲಿ ಓಟ ಕಡಿಮೆಯಾಗುತ್ತದೆ.’ ಇದು ಸುಳ್ಳಾಗಬಹುದು. ಕಾರಣ ಬರೆಯುವ ಕಟ್ಟಳೆ ತೆಗೆದುಹಾಕಿದರೂ ಫಲ ಹಾಗೇ ಉಳಿದರೆ ಸೂತ್ರದ ಅರ್ಧ ಬಿದ್ದುಹೋಯಿತು. ಪರೀಕ್ಷಕರು ಮೆಚ್ಚುವುದು ಇಂಥದ್ದನ್ನು.

ಈಗ ನಾನು ಹೆದರಿಸಿದ ವಿಷಯಕ್ಕೆ ಬರೋಣ: ಇಳಿದ ಅಂಕಿ.

‘ಒಂದು ಪೀಸ್‌ಗೆ ಇಷ್ಟು ಯೂನಿಟ್’ ಅನ್ನುವ ಅಳತೆ ನೋಡಲು ಸೊಗಸು, ಆದರೆ ಮೋಸ ಮಾಡುತ್ತದೆ. ಯಾವ ಕಾರ್ಖಾನೆಯಲ್ಲೂ ಎರಡು ಬಗೆಯ ವಿದ್ಯುತ್ ಖರ್ಚಾಗುತ್ತದೆ. ಒಂದು, ಪೀಸ್ ಮಾಡಿದರೂ ಮಾಡದಿದ್ದರೂ ಹೋಗುವುದು: ದೀಪ, ಫ್ಯಾನ್, ಸರ್ವರ್, ಬಿಸಿಯಾಗಿಯೇ ಇಡಬೇಕಾದ ಉಪಕರಣ. ಇದು ಬೇಸ್ ಲೋಡ್. ಇನ್ನೊಂದು, ಪ್ರತಿ ಪೀಸ್‌ಗೆ ತಗಲುವುದು. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ದಿನಕ್ಕೆ ಬೇಸ್ ಲೋಡ್ 1000 ಯೂನಿಟ್, ಪೀಸ್‌ಗೆ 2 ಯೂನಿಟ್. ದಿನಕ್ಕೆ 500 ಪೀಸ್ ಮಾಡಿದರೆ ಒಟ್ಟು 2000 ಯೂನಿಟ್, ಅಂದರೆ ಪೀಸ್‌ಗೆ 4. ಆರ್ಡರ್ ಜಾಸ್ತಿ ಬಂದು 1000 ಪೀಸ್ ಮಾಡಿದರೆ ಒಟ್ಟು 3000, ಪೀಸ್‌ಗೆ 3. ಯಾರೂ ಒಂದು ಸ್ವಿಚ್ ಕೂಡ ಮುಟ್ಟಿಲ್ಲ, ಆದರೂ ನಾಲ್ಕನೇ ಒಂದು ಪಾಲು ‘ಉಳಿತಾಯ’! ಬಾಡಿಗೆ ಬಸ್ಸಿಗೆ ಇನ್ನಷ್ಟು ಜನ ಹತ್ತಿದರೆ ತಲಾ ಖರ್ಚು ಇಳಿಯುತ್ತದಲ್ಲ, ಹಾಗೆ. ಇದರ ಮೇಲೆ ಇನ್ನೂ ಒಂದು ಇದೆ. ಒಟ್ಟು ಬಳಕೆ 2000ದಿಂದ 3000ಕ್ಕೆ ಏರಿದೆ. ವಾತಾವರಣಕ್ಕೆ ಸೇರುವುದು ಒಟ್ಟು, ತಲಾ ಲೆಕ್ಕ ಅಲ್ಲ.

ಡ್ಯಾಶ್‌ಬೋರ್ಡ್ ಬಂದ ತಿಂಗಳುಗಳಲ್ಲಿ ನಿಮ್ಮ ಉತ್ಪಾದನೆ ಏರಿತ್ತಾ? ಇದನ್ನು ಈ ವಾರವೇ ನೋಡಿ. ಹಳೆಯ ದಿನವಹಿ ಅಂಕಿಗಳನ್ನು ತೆಗೆದು, ಅಡ್ಡ ಅಕ್ಷದಲ್ಲಿ ಉತ್ಪಾದನೆ, ಉದ್ದ ಅಕ್ಷದಲ್ಲಿ ಒಟ್ಟು ವಿದ್ಯುತ್ ಹಾಕಿ ಗೆರೆ ಎಳೆಯಿರಿ. ಗೆರೆ ಉದ್ದ ಅಕ್ಷವನ್ನು ಮುಟ್ಟುವ ಜಾಗ ನಿಮ್ಮ ಬೇಸ್ ಲೋಡ್, ಅದರ ಇಳಿಜಾರು ಪೀಸ್‌ನ ಖರ್ಚು. ಡ್ಯಾಶ್‌ಬೋರ್ಡ್ ಬಂದ ಮೇಲಿನ ದಿನಗಳನ್ನು ಬೇರೆ ಬಣ್ಣದಲ್ಲಿ ಹಾಕಿ. ನಿಮ್ಮ ವಿನ್ಯಾಸ ಮುಟ್ಟಿದ್ದು ಖಾಲಿ ಓಡುವ ಯಂತ್ರಗಳನ್ನು. ಹಾಗಾದರೆ ಇಳಿಯಬೇಕಾದ್ದು ಮುಖ್ಯವಾಗಿ ಬೇಸ್ ಲೋಡ್. ಇಳಿಜಾರು ಮಾತ್ರ ಬದಲಾಗಿದ್ದರೆ ಅದರ ಹಿಂದೆ ಬೇರೇನೋ ಇದೆ: ಹೊಸ ಯಂತ್ರ, ಬೇರೆ ಕಚ್ಚಾ ಸಾಮಗ್ರಿ, ಸಣ್ಣ ಗಾತ್ರದ ಪೀಸ್. ಹವಾಮಾನದ ಪರಿಣಾಮ ಇರುವ ಕಡೆ ತಾಪಮಾನವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇಂಧನ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 50001 ಕೂಡ ಬೇಸ್‌ಲೈನ್ (ಹೋಲಿಕೆಗೆ ಹಿಡಿದ ಮೊದಲಿನ ಮಟ್ಟ) ಇಟ್ಟುಕೊಂಡು ಹೋಲಿಸಿ ಅನ್ನುತ್ತದೆ. ಸುಮ್ನೆ ಎರಡು ತಿಂಗಳ ಬಿಲ್ ಪಕ್ಕಪಕ್ಕ ಇಟ್ಟರೆ ಅದು ಹೋಲಿಕೆ ಆಗುವುದಿಲ್ಲ.

ಇನ್ನೊಂದು ಬಲೆ. ಇಂಥ ಯೋಜನೆಗಳು ಸಾಮಾನ್ಯವಾಗಿ ಶುರುವಾಗುವುದೇ ಬಿಲ್ ವಿಪರೀತ ಬಂದ ತಿಂಗಳ ಮಾರನೇ ದಿನ. ವಿಪರೀತದ ಮುಂದಿನ ತಿಂಗಳು ತಾನಾಗಿಯೇ ಸಾಧಾರಣದ ಕಡೆಗೆ ಇಳಿಯುತ್ತದೆ. ಆ ಇಳಿಕೆಯನ್ನು ನಿಮ್ಮ ಖಾತೆಗೆ ಹಾಕಿಕೊಳ್ಳಬೇಡಿ.

ಗಡಿಯನ್ನೂ ನೋಡಿಕೊಳ್ಳಿ. ಹಸಿರುಮನೆ ಅನಿಲದ ಲೆಕ್ಕವನ್ನು ಸ್ಕೋಪ್ 1, 2, 3 ಅಂತ ಮೂರು ಭಾಗ ಮಾಡುತ್ತಾರೆ: ನೇರವಾಗಿ ಸುಡುವ ಇಂಧನದ್ದು, ಕೊಂಡ ವಿದ್ಯುತ್ತಿನದ್ದು, ಪೂರೈಕೆ ಮತ್ತು ಬಳಕೆಯ ಸರಪಳಿಯಲ್ಲಿ ಹೊರಗೆ ಆಗುವುದು. ಹೆಚ್ಚು ವಿದ್ಯುತ್ ತಿನ್ನುವ ಒಂದು ಕೆಲಸವನ್ನು ಹೊರಗಿನವರಿಗೆ ಕೊಟ್ಟರೆ ನಿಮ್ಮ ಮೀಟರ್ ಇಳಿಯುತ್ತದೆ. ಹೊಗೆ ಹೋಗುವುದಿಲ್ಲ, ಸ್ಕೋಪ್ 2ರಿಂದ 3ಕ್ಕೆ ಜಾರುತ್ತದೆ. ಉಳಿದ ಹಣದಲ್ಲಿ ಕಂಪನಿ ಏನು ಮಾಡಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಎಂಜಿನ್‌ಗಳು ಬಂದಮೇಲೆ ಕಲ್ಲಿದ್ದಲಿನ ಒಟ್ಟು ಬಳಕೆ ಏರುತ್ತದೆ ಅಂತ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ವಾದಿಸಿದ್ದರು. ಮೀಟರ್, ಸರ್ವರ್, ಕ್ಲೌಡ್ ಇವುಗಳ ಹೊರೆಯನ್ನೂ ಒಂದು ಅಂದಾಜಿನಲ್ಲಿ ಕೊಡಿ. ನಿಮ್ಮ ಪ್ರಮಾಣದ ಯೋಜನೆಯಲ್ಲಿ ಅದು ಬಹುಶಃ ಚಿಕ್ಕದೇ ಇರುತ್ತದೆ. ಆದರೆ ‘ಹಸಿರು’ ಅಂತ ಶೀರ್ಷಿಕೆಯಲ್ಲಿ ಬರೆದುಕೊಂಡವರು ಅದನ್ನು ಬಿಟ್ಟರೆ ಮೊದಲ ಪ್ರಶ್ನೆಯೇ ಅಲ್ಲಿಂದ ಬರುತ್ತದೆ.

ಕಂಟ್ರೋಲ್ ಗ್ರೂಪ್ ಬೇಕಾ? ಕಡ್ಡಾಯ ಅಲ್ಲ. ಡಿಸೈನ್ ಸೈನ್ಸ್‌ನಲ್ಲಿ ಮೌಲ್ಯಮಾಪನಕ್ಕೆ ಒಂದೇ ದಾರಿ ಇಲ್ಲ. ವೆನಬಲ್, ಪ್ರೀಸ್-ಹೇಯ ಮತ್ತು ಬಾಸ್ಕರ್‌ವಿಲ್ 2016ರಲ್ಲಿ ಕೊಟ್ಟ ಚೌಕಟ್ಟಿನ ಪ್ರಕಾರ, ನಿಮ್ಮ ವಿನ್ಯಾಸದ ದೊಡ್ಡ ಅಪಾಯ ತಾಂತ್ರಿಕವೋ, ಮನುಷ್ಯರ ಬಳಕೆಗೆ ಸಂಬಂಧಿಸಿದ್ದೋ ಅಂತ ಮೊದಲು ಕೇಳಿಕೊಳ್ಳಬೇಕು. ಮೀಟರ್ ತಪ್ಪು ಓದುತ್ತದೆಯೇ ಅನ್ನುವುದು ನಿಮ್ಮ ದೊಡ್ಡ ಪ್ರಶ್ನೆ ಅಲ್ಲ. ಜನ ಬಳಸುತ್ತಾರಾ, ಬಳಸಿದರೆ ಕೆಲಸದ ರೀತಿ ಬದಲಾಗುತ್ತದಾ ಅನ್ನುವುದು ಪ್ರಶ್ನೆ. ಹಾಗಾಗಿ ಲ್ಯಾಬ್ ಬಿಟ್ಟು, ನಿಜವಾದ ಕೆಲಸದ ಜಾಗದಲ್ಲೇ ಬೇಗ ಶುರು ಮಾಡಿ ಹಲವು ಸಲ ನೋಡಬೇಕು.

ನಾನು ಕಂಟ್ರೋಲ್ ಗ್ರೂಪ್‌ಗಿಂತ ಹೆಚ್ಚು ಬೆಲೆ ಕೊಡುವುದು ಕೊಂಡಿಗಳ ಸಾಕ್ಷ್ಯಕ್ಕೆ. ಮಂಗಳವಾರ ರಾತ್ರಿ ಶಿಫ್ಟ್‌ನಲ್ಲಿ ಪರದೆ ತೆರೆದರಾ? ಅದು ಸಾಫ್ಟ್‌ವೇರ್ ತಾನೇ ಬರೆದಿಡುವ ಲಾಗ್‌ನಲ್ಲಿರುತ್ತದೆ. ಯಂತ್ರ ನಿಲ್ಲಿಸಿದರಾ, ಕಾರಣ ಬರೆದರಾ? ಅದೂ ಇದೆ. ಆ ಯಂತ್ರದ ಮೀಟರ್ ಆ ಗಳಿಗೆಯಲ್ಲಿ ಇಳಿಯಿತಾ? ಈ ಕೊಂಡಿಗಳು ಕೂಡಿಕೊಂಡರೆ ನಿಮ್ಮ ವಾದ ನಿಲ್ಲುತ್ತದೆ. ಪರದೆಯನ್ನೇ ತೆರೆಯದ ಶಿಫ್ಟ್‌ಗಳಲ್ಲೂ ಅಷ್ಟೇ ಇಳಿದಿದ್ದರೆ ಇಳಿಸಿದ್ದು ನಿಮ್ಮ ವಿನ್ಯಾಸ ಅಲ್ಲ. ಬರೆದ ಕಾರಣಗಳನ್ನಂತೂ ಒಂದೊಂದಾಗಿ ಓದಿ. ಶುರುವಿನಲ್ಲಿ ‘ವಾರ್ಮ್‌ಅಪ್‌ಗೆ 40 ನಿಮಿಷ ಬೇಕು, ಬೆಳಗ್ಗೆ ಲೇಟಾಗುತ್ತೆ’ ಅಂತ ಬರೆಯುತ್ತಿದ್ದವರು ಕೆಲ ವಾರಗಳಲ್ಲಿ ಬರೀ ‘ಬೇಕಿತ್ತು’ ಅಂತ ಬರೆಯತೊಡಗಿದರೆ, ಕಟ್ಟಳೆ ಸತ್ತಿದೆ ಅಂತ ಅರ್ಥ. ಗ್ರಾಫ್‌ಗಿಂತ ಮೊದಲು ಅದು ಅಲ್ಲಿ ಗೊತ್ತಾಗುತ್ತದೆ.

ನಿಮಗಿರುವ ದಾರಿಗಳು ಹೀಗಿವೆ. ಒಂದು, ಇಲ್ಲಿಗೇ ನಿಲ್ಲಿಸಿ, ಆಗಿದ್ದನ್ನು ಪೆಫರ್ಸ್ ಪ್ರಕ್ರಿಯೆಯಲ್ಲಿ ಕೂರಿಸಿ ಬರೆಯುವುದು. ಬೇಗ ಮುಗಿಯುತ್ತದೆ, ಕಂಪನಿಯಿಂದ ಹೊಸ ಅನುಮತಿಯೂ ಹೆಚ್ಚಾಗಿ ಬೇಕಿಲ್ಲ. ಅಪಾಯ ಏನೆಂದರೆ, ಹಿಂದೆ ನೋಡಿ ಬರೆಯುವಾಗ ಎಲ್ಲವೂ ಮೊದಲೇ ಯೋಚಿಸಿ ಮಾಡಿದಂತೆ ಕಾಣುತ್ತದೆ. ಪರೀಕ್ಷಕರಿಗೆ ಆ ವಾಸನೆ ಬಡಿಯುತ್ತದೆ. ಅಂದಂದಿನ ಮೇಲ್, ಮೀಟಿಂಗ್ ಟಿಪ್ಪಣಿ, ಹಳೆ ಸ್ಕ್ರೀನ್‌ಶಾಟ್ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಎರಡು, ಮುಂದಿನ ಘಟಕಗಳನ್ನು ಆ್ಯಕ್ಷನ್ ಡಿಸೈನ್ ರಿಸರ್ಚ್ ಆಗಿ ಮಾಡುವುದು. ಸೇನ್ ಮತ್ತು ಸಂಗಡಿಗರು 2011ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಕಟ್ಟುವುದು, ಬಳಕೆಗೆ ತರುವುದು, ಅಳೆಯುವುದು ಮೂರೂ ಒಟ್ಟೊಟ್ಟಿಗೇ ನಡೆಯುತ್ತವೆ. ಮೊದಲು ವಸ್ತು ಮಾಡಿ ಆಮೇಲೆ ಸಂಸ್ಥೆಗೆ ಹಾಕಿ ನೋಡುವುದಲ್ಲ. ಸಂಸ್ಥೆಯೊಳಗೆ ಬಳಕೆಯಾಗುತ್ತಲೇ ವಸ್ತು ರೂಪ ಪಡೆಯುತ್ತದೆ ಅನ್ನುವುದು ಅದರ ನಂಬಿಕೆ. ನೀವು ಗೊತ್ತಿಲ್ಲದೆಯೇ ಮಾಡಿದ್ದು ಇದನ್ನೇ. ಅಪಾಯ, ಕಂಪನಿಯ ಕ್ಯಾಲೆಂಡರ್ ನಿಮ್ಮ ಕೈಯಲ್ಲಿಲ್ಲ. ಮ್ಯಾನೇಜರ್ ಬದಲಾದರೆ, ಆರ್ಡರ್ ಕುಸಿದರೆ ಯೋಜನೆ ಅರ್ಧಕ್ಕೆ ನಿಲ್ಲಬಹುದು.

ಮೂರು, ಎರಡೂ ಘಟಕಗಳಿಗೆ ಒಂದೇ ದಿನ ಹಾಕದೆ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಕೆಲವು ತಿಂಗಳ ನಂತರ ಹಾಕುವುದು. ಕಾಯುತ್ತಿರುವ ಘಟಕವೇ ಹೋಲಿಕೆಗೆ ಸಿಗುತ್ತದೆ. ಎರಡೇ ಘಟಕಗಳಿಂದ ಅಂಕಿಅಂಶದ ಭಾಷೆಯಲ್ಲಿ ದೊಡ್ಡ ಮಾತು ಹೇಳಲಾಗದು. ಸುದ್ದಿ ಹರಡಿ, ಕಾಯುತ್ತಿರುವವರೂ ಮೊದಲೇ ಬದಲಾಗಿಬಿಡಬಹುದು.

ನನ್ನನ್ನು ಕೇಳಿದರೆ ಎರಡು ಮತ್ತು ಮೂರನ್ನು ಸೇರಿಸಿ. ಮಾಡಿದ್ದನ್ನು ಮೊದಲ ಸುತ್ತು ಅಂತ ಕರೆಯಿರಿ. ಅದರಿಂದ ಬಂದ ಸೂತ್ರವನ್ನು ಎರಡನೇ ಸುತ್ತು ಶುರುವಾಗುವ ಮೊದಲೇ, ತಾರೀಖು ಹಾಕಿ, ಬರೆದು ಗೈಡ್‌ಗೆ ಕಳಿಸಿ. ಏನು ಕಂಡರೆ ಸೂತ್ರ ಸುಳ್ಳು ಅನ್ನುವುದನ್ನೂ ಬರೆಯಿರಿ. ಹೊಸ ಘಟಕದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಮೊದಲು ಪರದೆ ಮಾತ್ರ ಕೊಟ್ಟು, ಕಾರಣ ಬರೆಯುವ ಕಟ್ಟಳೆಯನ್ನು ಆಮೇಲೆ ತನ್ನಿ. ಯೋಜನೆ ಅರ್ಧಕ್ಕೆ ನಿಂತರೂ ಅಷ್ಟರಲ್ಲಿ ಒಂದು ಉತ್ತರ ಸಿಕ್ಕಿರುತ್ತದೆ. ಸೂತ್ರ ಬರೆದ ಆ ಒಂದು ಪುಟ ಮೇಜಿನ ಮೇಲಿದ್ದರೆ ‘ಕನ್ಸಲ್ಟೆನ್ಸಿ’ ಅನ್ನುವ ಮಾತನ್ನು ನಿಮ್ಮ ಗೈಡ್ ಮತ್ತೆ ಎತ್ತಲಿಕ್ಕಿಲ್ಲ.

ನೀವೇ ಮಾಡಿ ನೀವೇ ಅಳೆಯುವ ಪ್ರಶ್ನೆ. ಡಿಸೈನ್ ಸೈನ್ಸ್‌ನಲ್ಲಿ ಇದು ಸಾಮಾನ್ಯ, ಅಪರಾಧವಲ್ಲ. ಆದರೆ ಸಂದರ್ಶನಗಳನ್ನು ನೀವೇ ಮಾಡಬೇಡಿ. ನಿಮ್ಮ ಮುಖ ನೋಡಿಕೊಂಡು ‘ಇದು ಪ್ರಯೋಜನವಿಲ್ಲ ಸಾರ್’ ಅಂತ ಯಾವ ಸೂಪರ್‌ವೈಸರ್ ಹೇಳುತ್ತಾರೆ? ವಿಭಾಗದ ಇನ್ನೊಬ್ಬ ವಿದ್ಯಾರ್ಥಿಯ ಕೈಲಿ ಮಾಡಿಸಿ. ವಿದ್ಯುತ್ ಲೆಕ್ಕವನ್ನು ಯೋಜನೆಗೆ ಸಂಬಂಧವಿಲ್ಲದ ಒಬ್ಬರಿಗೆ ಕೊಟ್ಟು, ಯಾವ ಘಟಕಕ್ಕೆ ಯಾವಾಗ ಹಾಕಿದ್ದು ಅಂತ ಹೇಳದೆ, ಬದಲಾವಣೆ ಎಲ್ಲಿ ಕಾಣುತ್ತದೆ ಅಂತ ಕೇಳಿ.

ನೀವು ಕೇಳದ ಒಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಶಿಫ್ಟ್ ಮಟ್ಟದ ಮೀಟರ್ ಅಂದರೆ ಅದು ಒಬ್ಬ ಮನುಷ್ಯನ ಮೇಲಿಟ್ಟ ಕಣ್ಣೂ ಹೌದು. ಒಂದು ವಿಭಾಗದ ಒಂದು ಶಿಫ್ಟ್‌ಗೆ ಒಬ್ಬರೇ ಸೂಪರ್‌ವೈಸರ್ ಇದ್ದರೆ, ಹೆಸರು ತೆಗೆದರೂ ಅದು ಅವರ ಅಂಕಿಯೇ. ನಾಳೆ ಎಚ್‌ಆರ್‌ನವರು ಅದನ್ನು ಬಡ್ತಿಯ ಪಟ್ಟಿಗೆ ಹಚ್ಚಿದರೆ ಜನ ಯಂತ್ರ ನಿಲ್ಲಿಸುವುದಕ್ಕಿಂತ ಅಂಕಿ ಚೆನ್ನಾಗಿ ಕಾಣಿಸುವುದರ ಕಡೆ ಗಮನ ಕೊಡುತ್ತಾರೆ. ಆಗ ನಿಮ್ಮ ದತ್ತಾಂಶವೂ ಹಾಳು, ಅವರ ನಂಬಿಕೆಯೂ ಹಾಳು. ಈ ದತ್ತಾಂಶವನ್ನು ಕೆಲಸಗಾರರ ಮೌಲ್ಯಮಾಪನಕ್ಕೆ ಬಳಸುವುದಿಲ್ಲ ಅಂತ ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ನೀವು ಅವರ ಸಹೋದ್ಯೋಗಿ, ಮೇಲಾಗಿ ಮ್ಯಾನೇಜ್‌ಮೆಂಟ್‌ಗೆ ಹತ್ತಿರದವರು. ನೀವು ಒಪ್ಪಿಗೆ ಪತ್ರ ಕೊಟ್ಟರೆ ಅವರು ಇಲ್ಲ ಅನ್ನಲಾರರು. ಆ ಪತ್ರ ನಿಮ್ಮ ವಿಶ್ವವಿದ್ಯಾಲಯದಿಂದ ಹೋಗಲಿ, ಸಹಿ ಹಾಕದಿದ್ದವರು ಯಾರು ಅಂತ ನಿಮಗೆ ಗೊತ್ತಾಗದಂತೆ ಇರಲಿ.

ಸೋತ ಮೊದಲ ಆವೃತ್ತಿಯನ್ನು ಖಂಡಿತ ಹೇಳಿ, ಅದಕ್ಕೊಂದು ಅಧ್ಯಾಯವನ್ನೇ ಕೊಡಿ. ಅದೇ ಮೀಟರ್, ಅದೇ ಜನ, ಅದೇ ಕಟ್ಟಡ ಇಟ್ಟುಕೊಂಡು ಏರ್ಪಾಡು ಮಾತ್ರ ಬೇರೆಯಾದಾಗ ಏನಾಯಿತು ಅನ್ನುವ ಹೋಲಿಕೆ ನಿಮಗೆ ಪುಕ್ಕಟೆ ಸಿಕ್ಕಿದೆ. ಕಂಟ್ರೋಲ್ ಗ್ರೂಪ್ ಕೇಳಿದ ಗೈಡ್‌ಗೆ ಮೊದಲು ತೋರಿಸಬೇಕಾದ್ದೇ ಅದು. ‘ಬಳಕೆದಾರರು ಆಸಕ್ತಿ ತೋರಲಿಲ್ಲ’ ಅಂತ ಒಂದು ಸಾಲಲ್ಲಿ ಮುಗಿಸಬೇಡಿ. ಎಷ್ಟು ಸಲ ತೆರೆದರು, ಯಾರು ತೆರೆದರು, ಯಾವಾಗ ಬಿಟ್ಟರು, ತಿಂಗಳ ಲೆಕ್ಕ ಬರುವ ಹೊತ್ತಿಗೆ ಅದರ ಬಗ್ಗೆ ಏನಾದರೂ ಮಾಡಲು ಅವರಿಗೆ ಸಾಧ್ಯವಿತ್ತಾ, ಇದನ್ನೆಲ್ಲ ಬರೆಯಿರಿ. ಹಳೆ ಸರ್ವರ್‌ನಲ್ಲಿ ಆ ಲಾಗ್ ಇನ್ನೂ ಇದೆಯಾ ಅಂತ ನೋಡಿ, ಐಟಿಯವರು ಅಳಿಸುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಪ್ರಕಟಣೆಗೆ ಅನುಮತಿ ಕೇಳುವಾಗ ಈ ಅಧ್ಯಾಯದ ಹೆಸರನ್ನೂ ಸೇರಿಸಿಯೇ ಕೇಳಿ. ಗೆದ್ದ ಭಾಗಕ್ಕೆ ಮಾತ್ರ ಸಹಿ ಮಾಡಿ ಕೊಡುವ ಕಂಪನಿಗಳು ಬಹಳ.